ಉಲ್ಟಾ ಪ್ರದಕ್ಷಿಣೆ

೧೮ ನವೆಂಬರ್ ೨೦೨೫, ಮಂಗಳವಾರ

ಅತ್ತೆಗೆ ಬೆನ್ನು ಹಾಕಿ ಕೂತು ಊಟ ಮುಗಿಸಿದೆ. ಇನ್ನೂ ಸಿಟ್ಟು ಇಳಿದಿಲ್ಲ.

ಇಚಲಕರಂಜಿಯ ಈ ಗಲ್ಲಿಯಲ್ಲಿ ನೂಲು ಹೊತ್ತ ಟೆಂಪೊಗಳ ನಡುವೆ ಗುಂಡಿ ತಪ್ಪಿಸಿಕೊಂಡು ನಡೆಯುವುದು ನೆಟ್ಟಗಿರುವ ಕಾಲಿಗೂ ಕಷ್ಟ. ಸಪಾಟು ನೆಲವೆಂದರೆ ಬಸದಿಯ ಅಂಗಳವೊಂದೇ. ಅದಕ್ಕೇ ದಿನಾ ಸಂಜೆ ಅಲ್ಲಿ ಸುತ್ತುತ್ತೇನೆ. ಮೊಣಕಾಲಿನ ವ್ಯಾಯಾಮ ಅಂದರೆ ಯಾರು ಕೇಳುತ್ತಾರೆ? ತಮ್ಮ ಸೊಸೆ ಜಿನಮತಿ ಪ್ರದಕ್ಷಿಣೆಯ ವ್ರತ ಹಿಡಿದಿದ್ದಾಳೆ ಅಂತ ಅತ್ತೆ ಊರಿಗೆಲ್ಲ ಸಾರಿಬಿಟ್ಟಿದ್ದಾರೆ.

ನಿನ್ನೆ ಫಿಜಿಯೊಥೆರಪಿಯ ಕಾಜಲ ನನ್ನ ಬಲ ಮೊಣಕಾಲಿನ ಬಾವು ನೋಡಿ, "ಯಾವಾಗ್ಲೂ ಬಲಕ್ಕ ತಿರುಗಿದ್ರ ಬಲಗಾಲಿಗೇ ಭಾರ ಬೀಳತೈತ್ರೀ ಅಕ್ಕಾ. ಅರ್ಧ ಹೊತ್ತು ಎಡಕ್ಕೂ ತಿರುಗ್ರಿ," ಅಂದಳು.

ಇವತ್ತು ಎಡಕ್ಕೆ ತಿರುಗಿದೆ. ಅತ್ತೆ ಕಟ್ಟೆಯ ಮೇಲಿಂದಲೇ ಚೀರಿದರು.

"ದೇವರಿಗೆ ಉಲ್ಟಾ ಸುತ್ತಾಕತ್ತಿಯಲ್ಲ, ತಲಿ ತಿರುಗೈತೇನ ನಿನಗ?"

"ಕಾಜಲ ಹೇಳ್ಯಾಳ್ರೀ ಅತ್ತಿ."

"ಆಕಿಗೇನ ತಿಳಿತೈತಿ? ಪಾಪ ಹತ್ತತೈತಿ, ನಡಿ ಮನಿಗೆ!"

ಅಂಗಳದ ಹೆಂಗಸರೆಲ್ಲ ನಿಂತು ನೋಡಿದರು. ಮನೆಗೆ ಬಂದರೆ ನನ್ನ ಗಂಡ ಧೀರಜ, ಏನಾಯಿತೆಂದೂ ಕೇಳದೆ, "ನಾಳಿಯಿಂದ ಮನ್ಯಾಗ ಕೂಡು, ಆರಾಮ ಮಾಡು," ಅಂದರು. ಕೂತರೆ ಈ ಕಾಲು ಕಟ್ಟಿಗೆಯಾಗುತ್ತದೆ. ಆಮೇಲೆ ಮನೆಗೆಲಸಕ್ಕೆ ಓಡಾಡುವವರು ಯಾರು, ಅವರ ಅವ್ವನಾ?

ಅತ್ತೆಗೆ ಕೊಡಬೇಕಾದ ಉತ್ತರ ಈಗ ಹೊಳೆಯುತ್ತಿದೆ, ಎಲ್ಲರೂ ಮಲಗಿದ ಮೇಲೆ. ಶ್ರಾವಣದಲ್ಲಿ ಅಭಿಷೇಕದ ಹಾಲು ಚೆಲ್ಲಿದ ಅದೇ ಅಂಗಳದಲ್ಲಿ ಜಾರಿ ಬಿದ್ದು ಮೊಣಕಾಲು ತಿರುಚಿಕೊಂಡಾಗ ನಾನು ಅವರ ಬೆನ್ನ ಹಿಂದೆಯೇ ಸುತ್ತುತ್ತಿದ್ದೆ. ಬಲಕ್ಕೇ, ಅವರು ಹೇಳಿದ ಹಾಗೆಯೇ.