ಎರಡೂ ಓಣಿಯಲ್ಲಿ ನನ್ನ ಹೆಸರು

ಫೆಬ್ರವರಿ 30, 2219
ಹಾರ್ವಿಚ್

ಪೂಜ್ಯ ಶಿವಲೀಲಾ ಅಜ್ಜಿಯವರಿಗೆ, ನಿಮ್ಮಿಂದ ಏಳನೇ ತಲೆಮಾರಿನ ಮೊಮ್ಮಗಳು ಇಂಚರಾ ಅಂಗಡಿ ಎಂಬವಳು ಮಾಡುವ ಶರಣು ಶರಣಾರ್ಥಿಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ದಿನ ಬೇಸಿಗೆಯ ರಜೆ. ನನ್ನ ಕನ್ನಡದಲ್ಲಿ ನಿಮಗೆ ಗುರುತು ಹತ್ತದ ಮಾತುಗಳು ಬಂದಾವು, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಈ ಓಲೆ ನಿಮಗೆ ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ. ಆದರೆ ನಿನ್ನೆ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಎದೆ ಒಡೆದೇ ಹೋದೀತು!

2019ರಲ್ಲಿ ಲೆಸ್ಟರ್‌ನ ಮನೆಯಲ್ಲಿ ಟಿವಿ ಮುಂದೆ ಕೂತು ನೀವು ಬರೆದ ದಿನಚರಿ ನನ್ನ ಬಳಿ ಇದೆ. ಬ್ರೆಕ್ಸಿಟ್ ಮಸೂದೆ ಬಂತು, ಬಿತ್ತು, ಮತ್ತೆ ಬಂತು. ನಿನ್ನೆ ಚುನಾವಣೆ ಬೇಕೆಂದವರು ಇವತ್ತು ಬೇಡ ಅಂತಾರೆ. ನಮ್ಮ ಮನೆಯವರು ಒಂದು ಕಡೆ, ನಾನೊಂದು ಕಡೆ, ಈ ರಗಳೆ ಮಕ್ಕಳ ಕಾಲಕ್ಕಾದರೂ ಮುಗಿದೀತೇ ಎಂದು ಬರೆದಿದ್ದೀರಿ. ಅಯ್ಯೋ ಅಜ್ಜಿ, ಎಲ್ಲಿ ಮುಗಿಯುತ್ತದೆ! ಆಮೇಲೆ ನಾವು ಯುರೋಪ್ ಒಕ್ಕೂಟದ ಒಳಗೂ ಹೊರಗೂ ಎಷ್ಟೋ ಸಲ ಓಡಾಡಿ, ಈಗ ಮತ್ತೆ ಅದರ ಬಾಗಿಲು ತಟ್ಟುತ್ತಿದ್ದೇವೆ. ಈ ಸಲದ್ದರ ಹೆಸರು ಮರುಕೂಟ ಮಸೂದೆ. ಅದಕ್ಕಾಗಿ ಹತ್ತೊಂಬತ್ತು ವರ್ಷ ಗಂಟಲು ಹರಿದುಕೊಂಡವಳು, ಹಾರ್ವಿಚ್ ಬಂದರಿನ ಸಂಸದೆ, ನಿಮ್ಮ ಈ ಮೊಮ್ಮಗಳು.

ನಮ್ಮ ಕಾಲದ ಸ್ಥಿತಿ ಸ್ವಲ್ಪ ಹೇಳಬೇಕು. ಲಂಡನ್ನಿನ ಹಳೆಯ ಭವನಕ್ಕೆ ನದಿ ನುಗ್ಗಿದ ಮೇಲೆ ಸಂಸತ್ತು ಶೆಫೀಲ್ಡ್‌ನ ಗುಡ್ಡ ಹತ್ತಿತು. ಬಿಸಿಲು ಹೆಚ್ಚಾಗಿ ಲಿಂಕನ್‌ಶೈರಿನಲ್ಲಿ ಜೋಳ ಬೆಳೆಯುತ್ತದೆ. ಸಂಸತ್ತಿನ ಕ್ಯಾಂಟೀನಿನಲ್ಲಿ ದಿನಾ ಬಿಸಿ ರೊಟ್ಟಿ, ಎಣ್ಣೆಗಾಯಿ ಸಿಗುತ್ತವೆ, ಸ್ಕಾಟ್ಲೆಂಡಿನವರು ಕೆಂಪು ಚಟ್ನಿಗೆ ಜಗಳ ಆಡುತ್ತಾರೆ. ಎಲ್ಲರ ಕಿವಿಯಲ್ಲೂ ಕಿವಿಬೀಜ ಇರುತ್ತದೆ, ಸಾಸಿವೆ ಗಾತ್ರದ್ದು, ಯಾವ ಭಾಷೆಯಲ್ಲಿ ಮಾತಾಡಿದರೂ ಕೇಳುವವರ ಭಾಷೆಯಲ್ಲಿ ಕೇಳಿಸುತ್ತದೆ. ಹಾಗಾಗಿ ನಾನು ಸದನದಲ್ಲಿ ಬೈಯುವುದೂ ಕನ್ನಡದಲ್ಲೇ. ಕಡಲ ಮೇಲೆ ಗಡಿತೆರೆ ಇದೆ, ಬೆಳಕಿನ ಪರದೆ. ಅದು ಒಪ್ಪದೆ ಒಂದು ಈರುಳ್ಳಿಯೂ ಆಚೆಯಿಂದ ಈಚೆಗೆ ಬರದು. ನನ್ನ ಊರಿನ ಅರ್ಧ ಜನ ಅದರ ಮುಂದೆ ಹಡಗು ನಿಲ್ಲಿಸಿಕೊಂಡೇ ಮುದುಕರಾದರು. ಆ ತೆರೆಯನ್ನು ಇಳಿಸುವುದೇ ಮರುಕೂಟ ಮಸೂದೆಯ ಕೆಲಸ. ಮಸೂದೆ ಬಿದ್ದರೆ ಸರ್ಕಾರವೂ ಬೀಳುತ್ತದೆ, ಮಹಾಚುನಾವಣೆ ಬರುತ್ತದೆ, ನನ್ನ ಸ್ಥಾನವೂ ಹೋಗಬಹುದು.

ಇಷ್ಟೆಲ್ಲ ಬದಲಾದರೂ ಮತ ಹಾಕುವ ಕ್ರಮ ಮಾತ್ರ ನೀವು ಟಿವಿಯಲ್ಲಿ ಕಂಡದ್ದೇ. ದೂರದಿಂದ ಮತ ಹಾಕುವ ಯಂತ್ರ ತಂದಿದ್ದರು, ಯಾರೋ ಅದರೊಳಗೆ ಕೈಯಾಡಿಸಿದರು, ಆಮೇಲೆ ಸಂಸತ್ತು ಅದನ್ನೇ ಕಿತ್ತು ಎಸೆಯಿತು. ಈಗ ಕಾಲೇ ಮತ. ಗಂಟೆ ಹೊಡೆದ ಎಂಟು ನಿಮಿಷದೊಳಗೆ ಹೌದು ಅನ್ನುವವರು ಬಲಗಡೆಯ ಓಣಿಯಲ್ಲಿ, ಇಲ್ಲ ಅನ್ನುವವರು ಎಡಗಡೆಯ ಓಣಿಯಲ್ಲಿ ನಡೆದು ಹೋಗಬೇಕು, ಕೊನೆಯಲ್ಲಿ ಎಣಿಸುವವರು ಹೆಸರು ಕೂಗುತ್ತಾರೆ. ಒಮ್ಮೆ ಕೂಗಿದ ಹೆಸರನ್ನು ಅಳಿಸುವ ಹಾಗಿಲ್ಲ. ಇನ್ನೊಂದು ಪದ್ಧತಿ ಜೊತೆಮಾತು. ಒಂದು ಪಕ್ಷದವರಿಗೆ ಕಾಯಿಲೆಯೋ ಹೆರಿಗೆಯೋ ಬಂದರೆ ಎದುರು ಪಕ್ಷದ ಒಬ್ಬರು ತಾವೂ ಮತ ಹಾಕದೆ ಉಳಿಯುವುದಾಗಿ ಮಾತು ಕೊಡುತ್ತಾರೆ. ಕಾಗದವಿಲ್ಲ, ಸಹಿಯಿಲ್ಲ, ಬಾಯಿಮಾತು ಅಷ್ಟೇ.

ನಿನ್ನೆ ಬೆಳಿಗ್ಗೆ ಮಾರ್ಗೆಡ್ ಪ್ರೊಬರ್ಟ್ ಆಸ್ಪತ್ರೆಯಿಂದ ಕರೆ ಮಾಡಿದಳು. ವೇಲ್ಸ್‌ನವಳು, ಮರುಕೂಟದ ಕಡುವೈರಿ, ಸದನದಲ್ಲಿ ನನ್ನನ್ನು ಹರಿದು ತಿನ್ನುವವಳು. ನೋವು ಶುರುವಾಗಿದೆ, ನನ್ನ ಪಕ್ಷದವರು ಸ್ಟ್ರೆಚರ್ ಮೇಲಾದರೂ ಬಾ ಅಂತಿದ್ದಾರೆ, ನೀನು ಜೊತೆಮಾತು ಕೊಟ್ಟರೆ ನೆಮ್ಮದಿಯಿಂದ ಹೆರುತ್ತೇನೆ ಅಂದಳು. ಕೊಟ್ಟೆ. ಹೆಂಗಸಿಗೆ ಆ ಹೊತ್ತಲ್ಲಿ ಇಲ್ಲ ಅನ್ನೋದುಂಟೇ? ನಮ್ಮ ಪಕ್ಷದ ಸಚೇತಕ ಅಡೆಬಾಯೊ, ಅಂದರೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸುವವನು, ಕೇಳಿದ್ದೇ ತಲೆ ಚಚ್ಚಿಕೊಂಡ. ಎರಡೂ ಕಡೆ ಸಮಸಮ ಬರುವ ಲೆಕ್ಕ ಅವನದು. ಸಮ ಬಂದರೆ ಸ್ಪೀಕರ್ ಇದ್ದದ್ದು ಇದ್ದ ಹಾಗೇ ಇರಲಿ ಎಂದು ಮತ ಹಾಕುವುದು ರೂಢಿ, ಅಲ್ಲಿಗೆ ಮಸೂದೆ ಮಣ್ಣು.

ಮಧ್ಯಾಹ್ನ ಮೂರಕ್ಕೆ ಗಂಟೆ ಹೊಡೆಯಿತು. ನಾನು ಕ್ಯಾಂಟೀನಿನಲ್ಲಿ ರೊಟ್ಟಿ ಮುರಿಯುತ್ತಾ, ಮಾರ್ಗೆಡ್‌ಗೆ ಏನಾಯಿತೋ ಎಂದು ಯೋಚಿಸುತ್ತಾ ಕೂತಿದ್ದೆ. ಹತ್ತೊಂಬತ್ತು ವರ್ಷದ ಅಭ್ಯಾಸ ಅಜ್ಜಿ, ಏನು ಹೇಳಲಿ! ಗಂಟೆ ಕೇಳಿದ್ದೇ ಕಾಲು ತಾನಾಗಿಯೇ ಎದ್ದಿತು. ಜನರ ನೂಕುನುಗ್ಗಲು, ಯಾರೋ ಬೆನ್ನು ತಟ್ಟಿದರು. ಇಂಚರಾ ಅಂಗಡಿ ಎಂದು ಹೆಸರು ಕೂಗಿದಾಗಲೇ ನನಗೆ ಎಚ್ಚರ. ಹೌದು ಅನ್ನುವವರ ಓಣಿಯ ತುದಿಯಲ್ಲಿ ನಿಂತಿದ್ದೆ, ನನ್ನ ಮತ ಬಿದ್ದೇ ಹೋಗಿತ್ತು.

ಅಡೆಬಾಯೊ ನನ್ನನ್ನು ಬಾಚಿ ತಬ್ಬಿಕೊಂಡ. ಗೆದ್ದೆವು, ನನ್ನ ಲೆಕ್ಕದಲ್ಲಿ ಒಂದೇ ಮತದಿಂದ ಗೆದ್ದೆವು ಅಂದ. ಮರೆತೆ ಅಂತ ಹೇಳು, ನಿಜ ತಾನೇ, ದೇವರಾಣೆಗೂ ನಿಜ ಅಂದ. ಹೌದು, ನಿಜವೇ. ಹತ್ತೊಂಬತ್ತು ವರ್ಷ ಕಾದದ್ದು ಕೈಯಲ್ಲಿತ್ತು, ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ನಿಲ್ಲಬೇಕು ಅಂತ ಆಸೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಆ ಹೆಣ್ಣುಮಗಳು ನನ್ನ ಮಾತು ನಂಬಿ ಮಲಗಿದ್ದಾಳೆ ಎಂಬುದು ನೆನಪಾಯಿತು. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ ನಲವತ್ತು ಸೆಕೆಂಡು ಉಳಿದಿತ್ತು.

ಓಡಿದೆ ಅಜ್ಜಿ! ಚಪ್ಪಲಿ ಕೈಯಲ್ಲಿ ಹಿಡಿದು, ಐವತ್ತೆಂಟರ ಈ ಮೈ ಹೊತ್ತು, ಸದನದ ನಡುವೆಯೇ ಓಡಿದೆ. ಹಾಕಿದ ಮತವನ್ನು ರದ್ದು ಮಾಡಲು ಇರುವುದು ಒಂದೇ ದಾರಿ, ಇನ್ನೊಂದು ಓಣಿಯಲ್ಲೂ ನಡೆದು ಬರುವುದು. ನಮ್ಮವರು ಹಿಡಿಯಿರಿ ಅವಳನ್ನು ಅಂದರು, ಎದುರಿನವರು ಬಾಯಿ ಬಿಟ್ಟು ನೋಡಿದರು. ಬಾಗಿಲು ಮುಚ್ಚುವವನು ಚಿಲಕಕ್ಕೆ ಕೈ ಹಾಕಿದ್ದ, ಅವನ ತೋಳಿನ ಕೆಳಗೆ ನುಸುಳಿದೆ. ಇಲ್ಲ ಅನ್ನುವವರ ಓಣಿಯಲ್ಲಿ ನನ್ನ ಹೆಸರು ಕೂಗಿದಾಗ ನನಗೆ ಉಸಿರೇ ಇರಲಿಲ್ಲ.

ಮುನ್ನೂರ ಒಂದು, ಮುನ್ನೂರ ಒಂದು. ಸ್ಪೀಕರ್ ರೂಢಿಯಂತೆ ಇಲ್ಲ ಅಂದರು. ಮಸೂದೆ ಬಿತ್ತು, ಸರ್ಕಾರ ಬಿತ್ತು, ಇಪ್ಪತ್ತೆರಡು ದಿನಕ್ಕೆ ಚುನಾವಣೆ ನಿಗದಿಯಾಯಿತು. ಅಡೆಬಾಯೊ ನನ್ನ ಮುಖ ನೋಡಲಿಲ್ಲ. ಸಂಜೆಯ ಸುದ್ದಿಯಲ್ಲೆಲ್ಲ ಒಂದೇ ಮಾತು, ತನ್ನ ಮಸೂದೆಯನ್ನು ತಾನೇ ಕೊಂದ ಇಂಚರಾ ಅಂಗಡಿ. ಮನೆಗೆ ಬಂದು ಚೆನ್ನಾಗಿ ಅತ್ತೆ.

ನಿಮ್ಮ ಜಗಳದಲ್ಲಿ ಯಾರು ಗೆದ್ದರೆಂದು ನನಗೆ ಗೊತ್ತು, ಹೇಳುವುದಿಲ್ಲ. ಒಂದು ಕೋರಿಕೆ ಮಾತ್ರ ಇದೆ. ಜಗಳ ಆಡಿ, ಜೋರಾಗಿಯೇ ಆಡಿ, ಆದರೆ ಎದುರಿನವರಿಗೆ ಕೊಟ್ಟ ಮಾತನ್ನು ಗೆಲ್ಲುವ ಆಸೆಗೆ ಮುರಿಯಬೇಡಿ. ಅದು ಹೋದರೆ ನಾಳೆ ಯಾರ ಜೊತೆ ಜಗಳ ಆಡುವುದು?

ಇವತ್ತು ಬೆಳಿಗ್ಗೆ ಹಾರ್ವಿಚ್‌ನಲ್ಲಿ ಪ್ರಚಾರಕ್ಕೆ ಹೊರಡಬೇಕಿತ್ತು, ಪಕ್ಷದಿಂದ ಒಬ್ಬರೂ ಜೊತೆಗೆ ಬರಲಿಲ್ಲ, ಒಬ್ಬಳೇ ಹೊರಟೆ. ಮೊದಲ ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಎರಡನೇ ಮನೆಯಲ್ಲಿ ಕೂತು ನೀರು ಕುಡಿಯುತ್ತಿದ್ದಾಗ ಅವರ ಗೋಡೆಯ ಪರದೆಯಲ್ಲಿ ಮಾರ್ಗೆಡ್ ಕಾಣಿಸಿಕೊಂಡಳು, ಆಸ್ಪತ್ರೆಯ ಮಂಚದ ಮೇಲೆ, ಮಡಿಲಲ್ಲಿ ಕೆಂಪಗಿನ ಹೆಣ್ಣುಕೂಸು. ತನ್ನ ಪಕ್ಷದವರನ್ನು ಕೇಳದೆ ಇಡೀ ಹಾರ್ವಿಚ್‌ನ ಜನರ ಜೊತೆ ಮಾತಾಡುತ್ತಿದ್ದಳು. ಆ ಹೆಂಗಸಿನ ಮಸೂದೆ ಶುದ್ಧ ತಲೆಕೆಟ್ಟದ್ದು, ಮತ್ತೆ ತಂದರೆ ಮತ್ತೆ ಬೀಳಿಸುತ್ತೇನೆ ಅಂದಳು. ಆಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು, ಆದರೆ ಬೀಳಿಸಲಿಕ್ಕೆ ನನಗೆ ಅವಳೇ ಎದುರಿಗೆ ಬೇಕು, ಅವಳನ್ನು ಗೆಲ್ಲಿಸಿ ಕಳಿಸಿ ಅಂದಳು.

ಇಂಚರಾ