ಸರ್ವರ್‌ಗೆ ಒಂದು ದಿನ ರಜೆ

21 ಸೆಪ್ಟೆಂಬರ್ 2025, ಭಾನುವಾರ. ಬೆಳಿಗ್ಗೆ 7

ಮತ್ತೆ ಧೂಳು ತೆಗೆದೆ. ಅಪ್ಪನ ಮಂಚದ ಕೆಳಗೆ ಮೊಣಕಾಲೂರಿ, ಬ್ರಶ್ ಹಿಡಿದು. ಹಳೆಯ ಟವರ್ ಕಂಪ್ಯೂಟರ್. ಏಳು ವರ್ಷದಿಂದ ನಿಂತದ್ದಿಲ್ಲ. ಫ್ಯಾನಿನ ಸದ್ದು ಹಿಟ್ಟಿನ ಗಿರಣಿಯದು. ಮನೆಯವರಿಗೆಲ್ಲ ಇದು ‘ಡಬ್ಬಾ’. ನಾನೊಬ್ಬನೇ ಸರ್ವರ್ ಅನ್ನುವವನು.

ಪ್ರಫುಲ್ಲಾ ಚಹಾ ಹಿಡಿದು ನಿಂತು ನೋಡಿದಳು. “ರೀ, ಇದರ ಮ್ಯಾಲ ಮಾವನವರಿಗೆ ನಿದ್ದಿ ಹೆಂಗ ಹತ್ತತದ? ಬೆನ್ನ ಕೆಳಗ ಒಲಿ ಹಚ್ಚಿಟ್ಟಂಗ ಅದ.”

ಹೆಂಡತಿ ಹೇಳಿದ್ದು ಸರಿ. ಆದರೆ ಆರಿಸುವ ಹಾಗಿಲ್ಲ. ಇದು ಆರಿದರೆ ಅಪ್ಪನ ಬಾಯಿ ಬಂದ್.

ನಿನ್ನೆ ಮಗಳು ಸ್ನೇಹಲ್ ಗೆಳತಿಯೊಬ್ಬಳನ್ನು ಕರೆತಂದಿದ್ದಳು. ಅಪ್ಪ ಟ್ಯಾಬ್ ಒತ್ತಿದ. ಕಪಾಟಿನ ಮೇಲಿನ ಸ್ಪೀಕರ್ “ಊಟ ಆತೇನವಾ?” ಅಂತು. ಹುಡುಗಿ ಬೆಚ್ಚಿಬಿದ್ದಳು. ಮಗಳು ತನ್ನ ಹಿಂದಿ-ಇಂಗ್ಲಿಷ್‌ನಲ್ಲಿ ವಿವರಿಸಿದಳು—ಅಜ್ಜನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು, ನಾಲ್ಕು ವರ್ಷದ ಹಿಂದೆ ಧ್ವನಿಪೆಟ್ಟಿಗೆಯನ್ನೇ ತೆಗೆದರು, ಆಪರೇಶನ್‌ಗೆ ಮೊದಲು ಪಪ್ಪಾ ಅಜ್ಜನ ದನಿ ರೆಕಾರ್ಡ್ ಮಾಡಿಟ್ಟರು. ಟ್ಯಾಬ್‌ನಲ್ಲಿ ಇರುವುದು ಬರೀ ಬಟನ್. ದನಿ ಇರುವುದು ಡಬ್ಬಾದಲ್ಲಿ.

ರೆಕಾರ್ಡ್ ಮಾಡಲು ಅಪ್ಪ ನಾನು ಹನ್ನೊಂದು ದಿನ ಕೂತಿದ್ದೆವು, ಸದ್ದು ಬರಬಾರದೆಂದು ಇಬ್ಬರೂ ಒಂದೇ ಕೌದಿ ಹೊದ್ದು, ಮೇ ತಿಂಗಳ ಸೆಕೆಯಲ್ಲಿ. ಆರುನೂರ ನಲವತ್ತು ಮಾತು. “ಚಾ ತಾ”ದಿಂದ ಹಿಡಿದು “ಕಾಶ್ಯಾ, ಲೋಕಲ್ ತಪ್ಪತದ ಏಳೋ” ಅಂತ ನನ್ನನ್ನು ಎಬ್ಬಿಸುವ ತನಕ. ಬೈಗುಳಕ್ಕೇ ಒಂದು ಪುಟ. ಅದು ಬೇಕು ಅಂದವಳು ಅವ್ವ. “ಬೈಗುಳಿಲ್ಲಂದ್ರ ಅದು ಇವರ ದನಿನ ಅಲ್ಲ ಬಿಡು.”

28 ಸೆಪ್ಟೆಂಬರ್, ಭಾನುವಾರ

ಹೊಸ ಸರ್ವರ್ ಬಂತು. ಎಲೆಯಡಿಕೆ ಡಬ್ಬಿಯಷ್ಟು. ಫ್ಯಾನಿಲ್ಲ, ಸದ್ದಿಲ್ಲ, ಎಂಟು ವ್ಯಾಟ್. ಹಳೆಯದು ನೂರಿಪ್ಪತ್ತು ತಿನ್ನುತ್ತದೆ.

ಅಪ್ಪ ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿದ. ರೈಲ್ವೆ ವರ್ಕ್‌ಶಾಪ್‌ನಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದವನು, ಯಾವ ಯಂತ್ರವನ್ನೂ ಸುಮ್ಮನೆ ನಂಬುವುದಿಲ್ಲ. ಪಾಟಿಯ ಮೇಲೆ ಬರೆದ, “ಫ್ಯಾನಿಲ್ಲಂದ್ರ ಬಿಸಿ ಎಲ್ಲಿ ಹೋಗತದ?”

“ಮೈಯಿಂದನ ಹೋಗತದಪ್ಪಾ. ಅದರ ಮೈ ಅಲ್ಯುಮಿನಿಯಮ್.”

ತಲೆದೂಗಿದ. ಅವ್ವ ಕಿವಿ ಹಚ್ಚಿ ಕೇಳಿದಳು. “ಉಸುರ ಆಡವಲ್ದು. ಜೀವ ಐತೇನೋ ಇದಕ್ಕ?” ಅಪ್ಪನ ಕೊರಳಿನ ತೂತಿನ ಮೇಲಿನ ಬಟ್ಟೆ ಪಟಪಟ ಅಲ್ಲಾಡಿತು. ಅವನು ನಗುವುದು ಈಗ ಹಾಗೆ.

ಇನ್ನು ಎಲ್ಲಿ ಬೇಕಾದರೂ ಒಯ್ಯಬಹುದು. ಡಾಕ್ಟರ ಹತ್ತಿರ, ಅತ್ತೆಯ ಮನೆಗೆ. ದನಿ ಜೇಬಿನಲ್ಲಿ. ಬಹಳ ಖುಷಿಯಾಯಿತು. ಬರೆದಿಡುತ್ತೇನೆ.

30 ಸೆಪ್ಟೆಂಬರ್, ಮಂಗಳವಾರ. ಸಂಜೆ 7.30

ಹೊಸದಕ್ಕೆ ಡಿಸ್ಕ್ ಬೇಕು. ಆರ್ಡರ್ ಮಾಡಿದ್ದು ಹಬ್ಬದ ಗಲಾಟೆಯಲ್ಲಿ ಮುಂದಿನ ವಾರ ಬರುತ್ತದಂತೆ. ಯಾರು ಕಾಯುತ್ತಾರೆ. ಕಪಾಟಿನಲ್ಲಿ ಬ್ಯಾಕಪ್ ಡಿಸ್ಕ್ ಇತ್ತು, ಎಲ್ಲದರ ಇನ್ನೊಂದು ಪ್ರತಿ… ಅದನ್ನೇ ತೆಗೆದು, ಅಳಿಸಿ, ಹಾಕಿದೆ. ಹಳೆಯದರಿಂದ ನಾಳೆ ಎಲ್ಲಾ ಕಾಪಿ. ಹೊಸ ಡಿಸ್ಕ್ ಬಂದ ಮೇಲೆ ಅದು ಬ್ಯಾಕಪ್.

ಅಂದರೆ ಒಂದು ದಿನ ಮಾತ್ರ ಎಲ್ಲವೂ ಒಂದೇ ಕಡೆ. ಒಂದು ದಿನದ ಮಾತು.

ಎಲ್ಲವೂ ಮನೆಯಲ್ಲೇ ಇರಬೇಕು, ಕ್ಲೌಡ್ ಬೇಡವೇ ಬೇಡ ಅಂತ ನಾಲ್ಕು ವರ್ಷದಿಂದ ಭಾಷಣ ಬಿಗಿದವನೂ ನಾನೇ.

1 ಅಕ್ಟೋಬರ್, ಬುಧವಾರ. ಬೆಳಿಗ್ಗೆ 6.50

ಕಾಪಿ ಶುರು. ಮೊದಲು ಸಿನಿಮಾ, ಮದುವೆ ವಿಡಿಯೋ, ಫೋಟೋ. ಸಂಜೆಯತನಕ ಹಿಡಿಯುತ್ತದೆ. ಅಪ್ಪನ ದನಿ ಕೊನೆಗೆ—ಹಗಲೆಲ್ಲ ಬಳಸುತ್ತಾನಲ್ಲ, ನಡುವೆ ಕೈ ಹಾಕುವುದು ಬೇಡ. ಬಂದ ಮೇಲೆ ನಾನೇ ಎದುರು ಕೂತು ಮಾಡುತ್ತೇನೆ. ನಾಳೆ ದಸರೆ, ರಜೆ. ಪೂಜೆ ಹೊಸದಕ್ಕೇ ಮಾಡೋಣ. 7.12ರ ಲೋಕಲ್ ಹಿಡಿಯಬೇಕು.

ಅದೇ ದಿನ. ಸಂಜೆ 8

ಬಾಗಿಲು ತೆರೆದೆ. ಮನೆ ಸದ್ದಿಲ್ಲದೆ ಇತ್ತು. ಏನು ಇಲ್ಲ ಅಂತ ತಿಳಿಯಲು ಒಂದು ಕ್ಷಣ ಬೇಕಾಯಿತು.

ಡಬ್ಬಾ ಮಂಚದ ಕೆಳಗಿಲ್ಲ. ದೇವರ ಮುಂದೆ, ಮಣೆಯ ಮೇಲೆ. ಒರೆಸಿ ಹೊಳಪು ಬರಿಸಿದ್ದಾರೆ. ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ, ಮುಂದೆ ಒಡೆದ ತೆಂಗಿನಕಾಯಿ. ಪಕ್ಕದಲ್ಲಿ ಅಪ್ಪನ ಹಳೆಯ ಪಾನಾ, ಸುತ್ತಿಗೆ. ವೈರ್ ಅಚ್ಚುಕಟ್ಟಾಗಿ ಸುತ್ತಿ ಕಟ್ಟಿದೆ—ವರ್ಕ್‌ಶಾಪಿನ ಗಂಟು.

ಖಂಡೇಪೂಜೆ, ನಮ್ಮ ಕಡೆಯ ಆಯುಧಪೂಜೆ. ಮುಂಬಯಿಯವರಿಗೆ ನಾಳೆ. ನಮ್ಮ ಮನೆಗೆ ಇವತ್ತು, ನವಮಿಯ ದಿನ. ನಲವತ್ತೆಂಟು ವರ್ಷ ಈ ಮನೆಯ ಉಪ್ಪು ತಿಂದು ಅದನ್ನೂ ಮರೆತೆ.

ಪ್ರತಿ ವರ್ಷ ಡಬ್ಬಾಕ್ಕೆ ಓಡುತ್ತಿರುವಾಗಲೇ ಕುಂಕುಮ ಹಚ್ಚುತ್ತಿದ್ದರು. ಮಷಿನ್‌ಗೆ ವರ್ಷಕ್ಕೊಂದು ದಿನವೂ ರಜೆ ಇಲ್ಲವಲ್ಲ ಅಂತ ಅಪ್ಪನಿಗೆ ಸಂಕಟ. ಈ ಸಲ ಹೊಸದು ಬಂದಿದೆ, ಅದರ ದೀಪ ಮಿಣಮಿಣ ಅನ್ನುತ್ತಿದೆ. ದನಿ ಆಗಲೇ ಅದರೊಳಗೆ ಹೋಗಿದೆ ಅಂದುಕೊಂಡಿದ್ದಾನೆ. ನಾನು ಹೇಳಿದ್ದೆನೇ? ಇಲ್ಲ. ಒಂದು ಮಾತೂ ಹೇಳಿರಲಿಲ್ಲ.

ಪಾಟಿ ಎತ್ತಿ ತೋರಿಸಿದ, ಮುಖ ಅರಳಿಸಿಕೊಂಡು. “ರಿಟೈರ್ ಆತು. ಏಳು ವರ್ಷ ನೌಕರಿ. ಒಂದೂ ಸಿಕ್ ಲೀವ್ ಇಲ್ಲ.”

ಅವ್ವ ಹೋಳಿಗೆ ತಂದಿಟ್ಟಳು. ನಾನು ಮಾಲೆ ತೆಗೆದು ವೈರ್ ಚುಚ್ಚಿದೆ. ಫ್ಯಾನ್ ತಿರುಗಿತು. ಡಿಸ್ಕ್ ಮೇಲೇಳಲಿಲ್ಲ. ಟಕ್. ಟಕ್. ಟಕ್.

ಮತ್ತೆ. ಟಕ್. ಟಕ್.

“ಹೋಳಗಿ ಆರತದ,” ಅಂದಳು ಅವ್ವ.

2 ಅಕ್ಟೋಬರ್, ಗುರುವಾರ. ರಾತ್ರಿ

ಹೊಸದರಲ್ಲಿ ಏನೇನು ಬಂದಿದೆ ಅಂತ ನೋಡಿದೆ. ಸಿನಿಮಾ ಎಲ್ಲಾ ಬಂದಿವೆ, ಇನ್ನೂರ ಹನ್ನೆರಡು. ಮದುವೆ ವಿಡಿಯೋ ಬಂದಿವೆ. ಫೋಟೋ ಅರ್ಧ. ದನಿ ಇಲ್ಲ. ಟ್ಯಾಬ್‌ನೊಳಗೆ ಏನಾದರೂ ಉಳಿದಿದೆಯೇ ಅಂತ ಸ್ನೇಹಲ್ ಹುಡುಕಿದಳು. ಇಲ್ಲ.

ಕಕ್ಕಸಿಗೆ ಹೋಗುವ ನೆಪದಲ್ಲಿ ಲ್ಯಾಪ್‌ಟಾಪ್ ಒಯ್ದು, ಹೊಸದಕ್ಕೆ ಹಾಕಿದ್ದ ಆ ಬ್ಯಾಕಪ್ ಡಿಸ್ಕನ್ನು ರಿಕವರಿ ಸಾಫ್ಟ್‌ವೇರ್ ಹಾಕಿ ಕೆದಕಿದೆ. ಅಳಿಸಿದ ಜಾಗದ ಮೇಲೆ ಸಿನಿಮಾ ಕೂತಿವೆ. ಯಾವನೋ ಹೀರೋನ ಫೈಟು ಅಪ್ಪನ ದನಿಯ ಮೇಲೆ. ಆ ಫೋಲ್ಡರ್ ಎಷ್ಟಿತ್ತು? ಎರಡು ನಿಮಿಷದ ಕಾಪಿ. ಮೊದಲು ಹಾಕಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಥೂ ನನ್ನ ಬುದ್ಧಿಗೆ.

ಬನ್ನಿ ಕೊಡುವ ಹೊತ್ತು. “ಬನ್ನಿ ತಗೊಂಡು ಬಂಗಾರದಂಗ ಇರೂಣು”—ಅದಕ್ಕೊಂದು ಬಟನ್ ಇತ್ತು. ಅಪ್ಪ ಎಲೆ ಹಿಡಿದು ಅಭ್ಯಾಸಬಲದಿಂದ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ತುಟಿ ಮಾತ್ರ ಆಡಿಸಿ ಅವ್ವನ ಕೈಯಲ್ಲಿ ಎಲೆ ಇಟ್ಟ.

“ರಿಪೇರಿ ಆಗತದಪ್ಪಾ,” ಅಂದೆ. “ಡಿಸ್ಕ್ ಸ್ವಲ್ಪ ಸಿಕ್ಕೊಂಡದ ಅಷ್ಟ.”

4 ಅಕ್ಟೋಬರ್, ಶನಿವಾರ. ಮಧ್ಯಾಹ್ನ 3

ಅಪ್ಪ ನಾನು ಫೋರ್ಟ್ ಏರಿಯಾಕ್ಕೆ ಹೋಗಿ ಬಂದೆವು. ನನ್ನ ಆಫೀಸಿನ ಹಿಂದಿನ ಗಲ್ಲಿಯಲ್ಲಿ ಡಿಸ್ಕ್ ರಿಕವರಿಯ ಸದಾನಂದ, ಮಂಗಳೂರು ಕಡೆಯವರು. ನಾನೊಬ್ಬನೇ ಹೋಗಬೇಕಿತ್ತು. ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತುಬಿಟ್ಟ. ಲೋಕಲ್‌ನಲ್ಲಿ ದಾರಿಯುದ್ದಕ್ಕೂ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಯಾರೋ ಸೀಟಿಗಾಗಿ ಜಗಳಕ್ಕೆ ಬಂದರೂ ಕೈ ತೆಗೆಯಲಿಲ್ಲ.

ಸದಾನಂದ ಕಿವಿಯ ಹತ್ತಿರ ಹಿಡಿದು ಕೇಳಿದರು. ಮುಖ ಸಣ್ಣ ಮಾಡಿದರು. “ಎಂಥ ಮಾಡುದು ಮಾರಾಯ್ರೆ, ಒಳಗೆ ಓದುವ ಹೆಡ್ಡು ತಟ್ಟೆಗೆ ಅಂಟಿದೆ. ಏಳು ವರ್ಷ ನಿಲ್ಲದೆ ಓಡಿದ್ದಲ್ವಾ? ಓಡುವಷ್ಟು ದಿವಸ ಓಡ್ತದೆ. ಒಮ್ಮೆ ನಿಲ್ಲಿಸಿದ್ರೆ ಕೆಲವು ಮತ್ತೆ ಏಳುದೇ ಇಲ್ಲ. ಆಫ್ ಮಾಡಿದ್ದು ಯಾರು?”

ಅಪ್ಪ ಬೆರಳೆತ್ತಿ ತನ್ನ ಎದೆ ತೋರಿಸಿಕೊಂಡ.

ಸದಾನಂದರಿಗೆ ಪಾಪ ಅನ್ನಿಸಿರಬೇಕು. ನನ್ನ ಕಡೆ ತಿರುಗಿದರು. “ಹೋಗ್ಲಿ, ಬ್ಯಾಕಪ್ ಉಂಟಲ್ಲ?”

ಅಪ್ಪನೂ ನನ್ನನ್ನೇ ನೋಡಿದ. ಅವನಿಗೆ ನೆನಪಿದೆ. ಕಪಾಟಿನಲ್ಲಿ ಇನ್ನೊಂದು ಇದೆ ಅಂತ ನಾನೇ ಒಂದು ದಿನ ಹೆಮ್ಮೆಯಿಂದ ತೋರಿಸಿದ್ದೆ.

“ಅದು ಮೊದಲ ಕೆಟ್ಟಿತ್ತು,” ಅಂದೆ.

ಯಾಕೆ ಹಾಗಂದೆ? ಬಾಯಿಗೆ ಬಂತು, ಅಂದೆ. ನನಗೆ ಬಾಯಿ ಇದೆಯಲ್ಲ.

ಲ್ಯಾಬ್‌ಗೆ ಕಳಿಸಿ ನೋಡುತ್ತಾರಂತೆ. ಹದಿನೈದು ದಿನ. ವಾಪಸು ಬರುವಾಗ ಅಪ್ಪ ಪಾಟಿ ಹೊರತೆಗೆಯಲಿಲ್ಲ. ವಿಲೆ ಪಾರ್ಲೆ ಸ್ಟೇಶನ್ನಿನ ಸೇತುವೆ ಹತ್ತುವಾಗ ಕೈ ಕೊಟ್ಟೆ. ಹಿಡಿಯಲಿಲ್ಲ.

11 ಅಕ್ಟೋಬರ್, ಶನಿವಾರ

ಒಂದು ವಾರದಿಂದ ಅಪ್ಪ ಟ್ಯಾಬ್ ಮುಟ್ಟಿಲ್ಲ. ಪಾಟಿಯಲ್ಲೂ ಬೇಕಾದಷ್ಟೇ. ಕೊರಳಿಗೆ ಹಿಡಿದು ಮಾತಾಡುವ ಮಷಿನ್ ತರಲೇ ಅಂದೆ. “ಅದು ಡೊಳ್ಳಿನ ದನಿ. ಬ್ಯಾಡ,” ಅಂತ ಬರೆದ.

ಸ್ನೇಹಲ್ ಸಂಬಂಧಿಕರಿಗೆಲ್ಲ ಮೆಸೇಜ್ ಹಾಕಿ, ವಿಡಿಯೋಗಳನ್ನೆಲ್ಲ ಜಾಲಾಡಿ, ಅಜ್ಜನ ದನಿ ಒಂಬತ್ತು ಸೆಕೆಂಡ್ ಹುಡುಕಿದ್ದಾಳೆ. ನಮ್ಮ ಮದುವೆಯದು, ಕ್ಯಾಮೆರಾದವನಿಗೆ ಅಂದದ್ದು. “ಏ, ಸರಿಯೋ ಆ ಕಡೆ! ಏನೂ ಕಾಣವಲ್ದು. ಎಮ್ಮಿ ನಿಂತಂಗ ನಿಂತಾನ.” ಟ್ಯಾಬ್‌ಗೆ ಹಾಕಿಕೊಟ್ಟಳು. ಅಪ್ಪ ಒತ್ತಿದ. ಅವ್ವ ಎದುರಿಗೆ ನಿಂತಿದ್ದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಅವ್ವನೂ ನಕ್ಕಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅಷ್ಟರಿಂದಲೇ ಎಐ ಪೂರಾ ದನಿ ಮಾಡುತ್ತದಂತೆ. “ಅಜ್ಜಾ, ಥೋಡಾ ಸುನೋ ನಾ. ಇದು ನಿಮ್ದು ವಾಯ್ಸ್ ಜೈಸಾ ಇದೆ…” ಹಚ್ಚಿದಳು. ಅಪ್ಪನ ಗಂಟಲು, ಆದರೆ ಟಿವಿಯಲ್ಲಿ ವಾರ್ತೆ ಓದುವವನ ಕನ್ನಡ. “ಹನುಮವ್ವ, ದಯವಿಟ್ಟು ಚಹಾ ತನ್ನಿ.”

ಒಳಗಿನಿಂದ ಅವ್ವ ಕೂಗಿದಳು. “ಯಾಂವ ಅಂವಾ? ಯಾ ಗಂಡಸು ನನ್ನ ಹೆಸರ ಹಿಡದು ಕರ್ಯಾಕತ್ತಾನ?”

ಸ್ನೇಹಲ್ ಬಂದ್ ಮಾಡಿದಳು.

19 ಅಕ್ಟೋಬರ್, ಭಾನುವಾರ

ಸದಾನಂದ ಫೋನ್ ಮಾಡಿದ್ದರು. ಆಗಲಿಲ್ಲ. ಡಿಸ್ಕಿನ ತಟ್ಟೆ ಪೂರಾ ಗೀರಿಹೋಗಿದೆ.

ಅಪ್ಪನಿಗೆ ಹೇಳಿದೆ. ಓದುತ್ತಿದ್ದ ಪೇಪರ್ ಮಡಚಿಟ್ಟ, ಅಂಚಿಗೆ ಅಂಚು ಕೂಡಿಸಿ.

26 ಅಕ್ಟೋಬರ್, ಭಾನುವಾರ. ಬೆಳಿಗ್ಗೆ 11

ಮನೆ ಎಷ್ಟು ಶಾಂತ. ನೂರಿಪ್ಪತ್ತು ವ್ಯಾಟ್ ಉಳಿಸಿದ ಶಾಂತಿ. ಹೊಸ ಡಬ್ಬಿ ಕಪಾಟಿನ ಮೇಲೆ ಇನ್ನೂರ ಹನ್ನೆರಡು ಸಿನಿಮಾ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದೆ. ಎತ್ತಿ ಕಿಟಕಿಯಿಂದ ಒಗೆಯಬೇಕು ಅನ್ನಿಸುತ್ತದೆ. ಒಗೆದರೆ ಏನಾಗುತ್ತದೆ.

ಅವ್ವನ ಬಾಯಿ ನಿಂತಿಲ್ಲ. ಒಂದು ವಾರದಿಂದ ದಿನಾ ಅದೇ. “ಮೂವತ್ತಾರು ವರ್ಷ ಮಷಿನ್‌ಗೋಳ ಪೂಜಿ ಮಾಡಿ ಸಾಲಲಿಲ್ಲ ಇವರಿಗೆ. ಕೈ ತುರಸತ್ತು. ಮಗಾ ಹನ್ನೊಂದು ದಿನ ಕೌದಿ ಹೊದ್ಕೊಂಡು ಕುಂತು ಹಿಡಿದಿಟ್ಟಿದ್ದು, ಒಂದ ಕ್ಷಣದಾಗ ಕಿತ್ತು ಒಗದ್ರು.” ಅಪ್ಪ ಹೌದೌದು ಅಂತ ತಲೆ ಆಡಿಸುತ್ತಾನೆ. ಅದನ್ನು ನೋಡಲಾಗುವುದಿಲ್ಲ. ಮಗನ ಪಾಲಿಗೆ ಕೌದಿಯ ಪುಣ್ಯ, ಅವನ ಪಾಲಿಗೆ ಬೈಗುಳ. ತಿರುಗಿ ಬೈಯಲು ಅವನಿಗೆ ಒಂದು ಬಟನ್ನೂ ಇಲ್ಲ.

ಇವತ್ತು ಹೇಳಲೇಬೇಕು. ಅವ್ವ, ಪ್ರಫುಲ್ಲಾ ಬಾಜಾರಕ್ಕೆ ಹೋಗಿದ್ದಾರೆ.

ಅದೇ ದಿನ. ಮಧ್ಯಾಹ್ನ 12.30

ಮಂಚದ ತುದಿಯಲ್ಲಿ ಕೂತೆ. “ಅಪ್ಪಾ,” ಅಂದೆ. ಅವನ ಪಾಟಿ ತೆಗೆದುಕೊಂಡು ಬರೆದೆ. ಬ್ಯಾಕಪ್ ಕೆಟ್ಟಿರಲಿಲ್ಲ. ಹಿಂದಿನ ದಿನ ನಾನೇ ಅಳಿಸಿದ್ದೆ. ಅಂಗಡಿಯಲ್ಲಿ ಸುಳ್ಳು ಹೇಳಿದೆ. ನಿನ್ನ ಪೂಜೆಯಿಂದ ಹೋದದ್ದಲ್ಲ, ನನ್ನ ಅವಸರದಿಂದ.

ಕನ್ನಡಕ ಹಾಕಿಕೊಂಡು ಓದಿದ. ಎರಡು ಸಲ. ನನ್ನ ಮುಖ ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಅಂದುಕೊಂಡೆ.

ಕೆಳಗೆ ಲಿಫ್ಟಿನ ಬಾಗಿಲು ಸದ್ದಾಯಿತು. ಅಪ್ಪ ಅಂಗೈಯಿಂದ ಪಾಟಿ ಗಸಗಸ ಒರೆಸಿದ. ಬರೆದ, “ನಿಮ್ಮವ್ವಗ ಹೇಳಬ್ಯಾಡ. ನನ್ನ ಹೆಸರಲೇ ಇರ್ಲಿ.”

“ಯಾಕಪ್ಪಾ?”

ಬಳಪ ತುಂಡಾಯಿತು. ಉಳಿದ ಚೂರಿನಿಂದ ಬರೆದ. “ನನಗ ಬೈದ್ರ ಆಕಿ ಮರೀತಾಳ. ನಿನಗ ಬೈದ್ರ ಮರ್ಯಂಗಿಲ್ಲ.”

ಅದನ್ನೂ ಒರೆಸಿದ. ಬಾಗಿಲಿನ ಬೆಲ್ ಆಯಿತು.

2 ನವೆಂಬರ್, ಭಾನುವಾರ. ಊಟವಾದ ಮೇಲೆ

ಇವತ್ತು ಊಟಕ್ಕೆ ಕೂತಾಗ ಅವ್ವ ಮತ್ತೆ ಶುರು ಹಚ್ಚಿದಳು. ರೊಟ್ಟಿ ಹಾಕುತ್ತಾ, ಅಪ್ಪನ ತಟ್ಟೆಗೆ ಎಣ್ಣೆಗಾಯಿ ಬಡಿಸುತ್ತಾ. “ಸಾಯೂತನಾ ಒಂದು ದನಿ ಕೇಳ್ಕೋತ ಇರ್ತಿದ್ನೆಪಾ ನಾ. ಅದನ್ನೂ ಇವರಿಗೆ ನೋಡಾಕ ಆಗಲಿಲ್ಲ.” ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ.

ತಡೆಯಲಾಗಲಿಲ್ಲ. “ಅವ್ವಾ,” ಅಂದೆ.

ಸೌಟು ಹಿಡಿದೇ ತಿರುಗಿದಳು. “ಏನೋ?”

ಅಪ್ಪ ತಟ್ಟೆಯ ಮೇಲಿಂದ ನನ್ನನ್ನು ನೋಡಿದ. ಸಣ್ಣಗೆ ತಲೆ ಅಲ್ಲಾಡಿಸಿದ, ಬೇಡ ಅಂತ.

“ಏನೋ ಅಂದ್ರ. ಮಾತಾಡು, ಬಾಯಾಗ ಏನ್ ಇಟ್ಕೊಂಡಿ?”

ನಾನು ತಟ್ಟೆ ಮುಂದೆ ಚಾಚಿ, “ಇನ್ನೊಂದು ರೊಟ್ಟಿ ಹಾಕು,” ಅಂದೆ.