ನೂರಾ ಒಂದರ ಮನೆ

ಎಣಿಕೆ ವರ್ಷ 412, ಹದಿನಾಲ್ಕನೆಯ ತಿಂಗಳು, ಮೂವತ್ತೆಂಟನೆಯ ದಿನ. ಧಾರವಾಡದ ಬಂದರು.

ನಮಗಿಂತ ಹಿಂದೆ ಬಾಳಿದ ಹಿರಿಯರಿಗೆ ಏಳರ ಮನೆಯ ನೀಲಗಂಗವ್ವನ ನಮಸ್ಕಾರ. ನನ್ನ ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ. ತಿಳಿಯದ್ದನ್ನು ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಮ್ಮ ವರ್ಷಕ್ಕೆ ಹದಿನಾಲ್ಕು ತಿಂಗಳು, ತಿಂಗಳಿಗೆ ನಲವತ್ತು ದಿನ.

ಕಡಲು ಮೇಲೇರಿದ ನಂತರ ಉಳಿದವರು, ಹುಟ್ಟಿದ ಪ್ರತಿ ಕೂಸಿಗೂ ಸಾಲಾಗಿ ಒಂದೊಂದು ಸಂಖ್ಯೆ ಕೊಡುತ್ತ ಬಂದರು. ಊರಿನಲ್ಲಿ ನೂರರೊಳಗಿನ ಅವಿಭಾಜ್ಯ ಸಂಖ್ಯೆಗೊಂದರಂತೆ ಇಪ್ಪತ್ತೈದು ಮನೆಗಳಿವೆ: ಎರಡರದು, ಮೂರರದು, ಐದರದು, ಹೀಗೆ ತೊಂಬತ್ತೇಳರವರೆಗೆ. ಕೂಸಿನ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಮೊದಲ ಮನೆಯೇ ಅದರ ಮನೆ. ಎರಡರ ಮನೆಯಲ್ಲಿ ಅರ್ಧ ಊರೇ ಇದೆ. ಅವರು ಊಟಕ್ಕೆ ಕೂತರೆ ಗದ್ದಲ ನಮ್ಮ ಅಂಗಳಕ್ಕೆ ಕೇಳುತ್ತದೆ. ತೊಂಬತ್ತೇಳರ ಮನೆಗೆ ಒಂದೇ ಒಲೆ ಸಾಕು. ನಾವು ಏಳರವರು ಪಾಚಿಹಿಟ್ಟಿನ ರೊಟ್ಟಿ ಬಡಿಯುವವರು. ಹಾಲು ಬಿಡಿಸಿದ ಕೂಸು ಬೇರೆ ಮನೆಗೆ ಹೋದರೂ ತಾಯಿ ಸಂಜೆ ಹೋಗಿ ನೋಡಿ ಬರಬಹುದು. ಯಾವ ಮನೆಗೂ ಸಲ್ಲದ ಕೂಸನ್ನು ಒಂಟಿ ಎನ್ನುತ್ತೇವೆ. ಅದನ್ನು ಗಾಳಿಗುಡ್ಡಕ್ಕೆ ಒಯ್ಯುತ್ತಾರೆ. ಅಲ್ಲಿಗೆ ಯಾರೂ ಹೋಗುವಂತಿಲ್ಲ.

ನನ್ನ ಮಗಳ ಸಂಖ್ಯೆ 10,00,001. ಹತ್ತು ಲಕ್ಷ ತುಂಬಿತೆಂದು ಊರಿಗೆ ಊರೇ ಹೋಳಿಗೆ ಉಂಡ ಮರುದಿನ ಹುಟ್ಟಿದಳು. ಲೆಕ್ಕದ ಸಂಕವ್ವಜ್ಜಿ ಇಪ್ಪತ್ತೈದು ಸಲ ಭಾಗಿಸಿ ತಲೆಯಾಡಿಸಿದಳು. ಹಾಲು ಬಿಡಿಸಿದ ದಿನ ಗುಡ್ಡದವರು ಬಂದು ಒಯ್ದರು. ನನಗೆ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಎದೆ ಮರಗಟ್ಟಿದೆ. ಉಣ್ಣುತ್ತೇನೆ, ಮಲಗುತ್ತೇನೆ, ರೊಟ್ಟಿ ಬಡಿಯುತ್ತೇನೆ.

ಬಡಿಯುತ್ತ ಆ ಸಂಖ್ಯೆಯನ್ನು ಮನಸ್ಸಿನಲ್ಲೇ ಭಾಗಿಸುತ್ತಿದ್ದೆ. ಮೊನ್ನೆ ನೂರನ್ನು ದಾಟಿದೆ. ನೂರಾ ಒಂದನ್ನು ಒಂಬತ್ತು ಸಾವಿರದ ಒಂಬೈನೂರ ಒಂದರಿಂದ ಗುಣಿಸಿದರೆ ನನ್ನ ಮಗಳು! ನನ್ನ ಸಂಖ್ಯೆ 9,76,367. ಅದು ಏಳರಿಂದಷ್ಟೇ ಅಲ್ಲ, ನೂರಾ ಒಂದರಿಂದಲೂ ಭಾಗವಾಗುತ್ತದೆ.

ಮನೆಗಳನ್ನು ಕಟ್ಟಿದಾಗ ಎಣಿಕೆ ಹತ್ತು ಸಾವಿರ ದಾಟಿರಲಿಲ್ಲ. ಅಲ್ಲಿಯವರೆಗೆ ಈ ಪರೀಕ್ಷೆ ಸರಿಯೇ: ತೊಂಬತ್ತೇಳರವರೆಗೆ ಯಾವುದಕ್ಕೂ ಬಗ್ಗದ ಸಂಖ್ಯೆ ನಿಜಕ್ಕೂ ಅವಿಭಾಜ್ಯ. ಆಮೇಲೆ ಎಣಿಕೆ ಲಕ್ಷಗಳಿಗೆ ಹೋಯಿತು, ನಾವು ಮಾತ್ರ ಅದೇ ಇಪ್ಪತ್ತೈದಕ್ಕೆ ನಿಲ್ಲಿಸುತ್ತ ಬಂದೆವು. ಗುಡ್ಡದ ಮೇಲಿರುವವರಲ್ಲಿ ನಿಜವಾದ ಒಂಟಿಗಳು ಎಷ್ಟು ಜನರೋ, ಯಾರೂ ನೋಡಿಲ್ಲ.

ಸಂಕವ್ವಜ್ಜಿ ಮರಳಿನ ಮೇಲೆ ಭಾಗಿಸಿ ನೋಡಿದಳು.

"ಲೆಕ್ಕ ಖರೇ ಐತಿ ಯವ್ವಾ. ಆದ್ರ ನೂರಾ ಒಂದರ ಮನಿ ಎಲ್ಲೈತಿ?"

"ನಾ ಕಟ್ತೀನಿ."

"ಏಳರ ಮನಿ ಬಿಟ್ಟ ಮ್ಯಾಲೆ ತಿರುಗಿ ಸೇರಿಸ್ಕೊಳ್ಳಂಗಿಲ್ಲ ಮತ್ತ."

"ಗೊತ್ತೈತಿ ಅಜ್ಜಿ."

ಯಾರೂ ಹೋಗುವಂತಿಲ್ಲದಿದ್ದರೂ ನಾಳೆ ಮಗಳನ್ನು ಕರೆತರಲು ಗುಡ್ಡ ಹತ್ತುತ್ತೇನೆ. ಅವಳಿಗೀಗ ನಾಲ್ಕು ವರ್ಷ. ನಿನಗೆ ಯಾರೂ ಇಲ್ಲ ಎಂದೇ ಅಲ್ಲಿ ಕಲಿಸುತ್ತಾರೆ. ನನ್ನ ಜೊತೆ ಬರುತ್ತಾಳೋ ಇಲ್ಲವೋ. ಹಿರಿಯರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಯಾವ ನಿಯಮ ಮಾಡಿದರೂ ಅದು ಎಲ್ಲಿಯವರೆಗೆ ಸರಿ ಎಂಬುದನ್ನೂ ಬರೆದಿಟ್ಟು ಹೋಗಿ.

ಒಂಟಿಗಳಿಗೆ ಹೆಸರಿಲ್ಲ. ಹೆಸರಿಡುವ ಹಕ್ಕು ಮನೆಯ ಹಿರಿಯರದು, ನಾಳೆಯಿಂದ ನಮ್ಮ ಮನೆಗೆ ಹಿರಿಯಳು ನಾನೇ. ಹಾಲವ್ವ ಎಂದು ಇಡುತ್ತೇನೆ. ಈ ಹೆಸರನ್ನು ಬರೆದದ್ದು ಇದೇ ಮೊದಲು.